ಅತ್ತೆ ತಿರುಗಿದರೆ ಹಾರ್ನ್

ನಮ್ಮ ಮನೆಗೆ ಹೊಸತು ಅಂತ ಯಾವ ಸಾಮಾನು ಬಂದರೂ ಅದರೊಟ್ಟಿಗೆ ಒಂದು ಜಗಳ ಫ್ರೀಯಾಗಿ ಬರುತ್ತದೆ. ಮಿಕ್ಸಿ ತಂದರೆ ಜಾರಿಗೆ ಮುಚ್ಚಳ ಕೂರುವುದಿಲ್ಲ, ಫ್ಯಾನ್ ತಂದರೆ ಗಾಳಿ ಮೇಲಿನ ಮಾಡಿಗೆ ಬೀಸುತ್ತದೆ, ಕೆಳಗೆ ಕೂತವರಿಗೆ ಬರುವುದಿಲ್ಲ. ಹಾಗಿರುವಾಗ ಕಾರೊಂದು ತಕರಾರಿಲ್ಲದೆ ಬಂದೀತು ಅಂತ ನಂಬಿದ್ದು ನನ್ನದೇ ಪೆದ್ದುತನ.

ನಾವು ಕಬಕದವರು. ಪುತ್ತೂರು ಪೇಟೆಯಲ್ಲಿ ನನ್ನದೊಂದು ಲೇಡೀಸ್ ಟೈಲರಿಂಗ್ ಅಂಗಡಿ ಉಂಟು. ನಮ್ಮವರು, ಅಂದರೆ ನನ್ನ ಗಂಡ, ಇರುವುದು ಸೌದಿಯ ದಮ್ಮಾಮಿನಲ್ಲಿ. ಮನೆಯಲ್ಲಿ ನಾನು, ನಮ್ಮ ಅತ್ತೆ, ಮತ್ತು ಅತ್ತೆಯ ತಂಗಿ, ನಾವು ಚಿಕ್ಕತ್ತೆ ಅಂತ ಕರೆಯುವುದು. ಅತ್ತೆಗೆ ಮಾತು ಹೆಚ್ಚು, ಚಿಕ್ಕತ್ತೆಗೆ ಕಿವಿ ಕಡಿಮೆ. ಹಾಗಾಗಿ ಇಬ್ಬರಿಗೂ ಒಳ್ಳೆ ಹೊಂದಾಣಿಕೆ. ಮನೆಯೊಳಗೆ ನಾವು ಮಾತಾಡುವುದು ಬ್ಯಾರಿ ಭಾಷೆಯಲ್ಲಿ. ಇಲ್ಲಿ ಎಲ್ಲ ಕನ್ನಡದಲ್ಲಿ ಬರೆದಿದ್ದೇನೆ. ಅತ್ತೆಯ ಬೈಗುಳದಲ್ಲಿ ಸ್ವಲ್ಪ ಖಾರ ಕಡಿಮೆ ಅನಿಸಿದರೆ ಅದು ಭಾಷಾಂತರದ ತಪ್ಪು, ಅತ್ತೆಯದ್ದಲ್ಲ.

ಲಿಂಬೆಹಣ್ಣು

ಕೀ ಕೊಡುವ ದಿನ ಶೋರೂಮಿನವರು ನಮ್ಮನ್ನು ಮದುಮಗನ ಕಡೆಯವರ ಹಾಗೆ ನೋಡಿಕೊಂಡರು. ಕಾರಿಗೆ ಕೆಂಪು ಬಟ್ಟೆ ಹೊದೆಸಿದ್ದರು, ಮೇಜಿನ ಮೇಲೆ ಕೇಕ್ ಇತ್ತು. ರಟ್ಟಿನಲ್ಲಿ ಮಾಡಿದ ಬಾಗಿಲಷ್ಟು ದೊಡ್ಡ ಕೀ ಇತ್ತು. ಸೇಲ್ಸಿನವ ಆ ಕೀಯನ್ನು ಎತ್ತಿಕೊಂಡು ನನ್ನ ಹಿಂದೆ, ಬದಿಯಲ್ಲಿ ಎಲ್ಲ ನೋಡಿ, “ಸರ್ ಎಲ್ಲಿ ಮೇಡಂ?” ಅಂದ.

“ದಮ್ಮಾಮಿನಲ್ಲಿ.”

“ಓ. ಹಾಗಾದ್ರೆ ಕಾರು ಈಗ ಯಾರು ತಗೊಂಡು ಹೋಗುದು?”

“ನಾನೇ. ಓಡಿಸುದೂ ನಾನೇ.”

ಅವ ನಾನು ಜೋಕು ಹೇಳಿದ ಹಾಗೆ ನಕ್ಕ. ಆಮೇಲೆ ನಾನು ನಗದೆ ನಿಂತದ್ದು ಕಂಡು, ವೀಡಿಯೊ ಕಾಲ್ ಮಾಡಿಸಿದ. ಫೋಟೊದಲ್ಲಿ ರಟ್ಟಿನ ಕೀಯ ಒಂದು ಕೊನೆ ನನ್ನ ಕೈಯಲ್ಲಿ, ಇನ್ನೊಂದು ಕೊನೆ ಮೊಬೈಲಿಗೆ ಒರಗಿಸಿದ್ದು. ಮೊಬೈಲಿನೊಳಗೆ ನಮ್ಮವರು ಬನಿಯನ್ನಿನಲ್ಲಿ ಇದ್ದರು. ಆ ಫೋಟೊ ಈಗಲೂ ಶೋರೂಮಿನ ಗೋಡೆಯಲ್ಲಿ ಉಂಟು.

ಅಷ್ಟರಲ್ಲಿ ಅಭ್ಯಾಸಬಲದಿಂದ ಯಾರೋ ಕಾರಿನ ನಾಲ್ಕೂ ಚಕ್ರಗಳ ಅಡಿಗೆ ಲಿಂಬೆಹಣ್ಣು ಇಟ್ಟುಬಿಟ್ಟಿದ್ದರು. ಸೇಲ್ಸಿನವನಿಗೆ ನಮ್ಮ ತಲೆಯ ಮೇಲಿನ ಶಾಲು ಕಂಡು ಒಮ್ಮೆಲೇ ಗಾಬರಿ. “ಸಾರಿ ಮೇಡಂ, ನಮ್ಮವರು ಎಲ್ಲ ಕಾರಿಗೂ ಇಡ್ತಾರೆ, ಮರೆತು ಹೋಯ್ತು” ಅಂತ ಬಗ್ಗಿದ. ಅವನಿಗಿಂತ ಮೊದಲು ಅತ್ತೆ ಬಗ್ಗಿ ಆಗಿತ್ತು. ನಾಲ್ಕನ್ನೂ ಹೆಕ್ಕಿ, ಹಿಂಡಿ ನೋಡಿ, “ರಸ ಉಂಟು. ಇಂಥದ್ದನ್ನು ಟಯರಿಗೆ ಹಾಕುದಾ?” ಅಂತ ಬ್ಯಾಗಿಗೆ ಹಾಕಿಕೊಂಡರು.

ಅತ್ತೆ ಮುಂದಿನ ಸೀಟಿನಲ್ಲಿ ಕೂತರು. ಕಾಲು ನೀಡಲಿಕ್ಕೆ ಸೀಟನ್ನು ಆದಷ್ಟು ಹಿಂದಕ್ಕೆ ತಳ್ಳಿದರು. ಚಿಕ್ಕತ್ತೆ ಹಿಂದೆ. ನಾನು ದೇವರ ಹೆಸರಲ್ಲಿ ಬಿಸ್ಮಿ ಹೇಳಿ ಗೇಟಿನಿಂದ ಹೊರಗೆ ಇಳಿಸುವಾಗ ಅತ್ತೆ ಹಿಂದೆ ತಿರುಗಿ, “ನಾಲ್ಕು ಲಿಂಬೆ ಸಿಕ್ಕಿತು” ಅಂತ ತಂಗಿಗೆ ಹೇಳಿದರು. ಕಾರು “ಪೋಂ” ಅಂತ ಹಾರ್ನ್ ಹಾಕಿತು. ನಾನು ಮುಟ್ಟಲಿಲ್ಲ. ಗೇಟಿನಲ್ಲಿ ನಿಂತ ಸೇಲ್ಸಿನವ ನಾವು ಟಾಟಾ ಹೇಳಿದ್ದು ಅಂತ ತಿಳಿದು ಕೈ ಬೀಸಿದ. ಅತ್ತೆ, “ಕೇಳಿತಾ? ಲಿಂಬೆ, ಲಿಂಬೆ!” ಅಂದರು. ಕಾರು ಮತ್ತೆ “ಪೋಂ ಪೋಂ”. ಅವ ಎರಡೂ ಕೈ ಬೀಸಿದ. ಪಾಪ, ಅಷ್ಟು ಪ್ರೀತಿ ತೋರಿಸಿದ ಗಿರಾಕಿ ಅವನಿಗೆ ಬೇರೆ ಸಿಕ್ಕಿರಲಿಕ್ಕಿಲ್ಲ.

ಬಸ್ಸಿನವ

ಮರುವಾರ ಸುಳ್ಯದಲ್ಲಿ ನೆಂಟರ ಮನೆಯಲ್ಲಿ ಊಟ. ಮೂವರೂ ಹೊರಟೆವು. ಕಾವು ಪೇಟೆಯ ಹತ್ತಿರ ಮುಂದೆ ಒಂದು ಸರಕಾರಿ ಬಸ್ಸು. ನಾನು ಹೊಸ ಡ್ರೈವರ್, ಓವರ್‌ಟೇಕ್ ಮಾಡುವ ಹಂಬಲ ನನಗೆ ಇರಲೇ ಇಲ್ಲ. ಬಸ್ಸಿನ ಹಿಂದೆ ಕುರಿಮರಿಯ ಹಾಗೆ ಹೋಗುತ್ತಿದ್ದೆ. ಆದರೆ ಕಾರು ಸುಮ್ಮನಿರಬೇಕಲ್ಲ. ನಿಮಿಷಕ್ಕೊಮ್ಮೆ ಪೋಂ. ಬಸ್ಸು ಸ್ವಲ್ಪ ಬದಿಗೆ ಸರಿದು ಜಾಗ ಕೊಟ್ಟಿತು. ನಾನು ಹೋಗಲಿಲ್ಲ. ಮತ್ತೆ ಪೋಂ. ಮತ್ತೆ ಜಾಗ ಕೊಟ್ಟಿತು. ನಾನು ಆಗಲೂ ಹೋಗಲಿಲ್ಲ. ಕೊನೆಗೆ ಬಸ್ಸು ನಿಂತೇ ಹೋಯಿತು. ಡ್ರೈವರ್ ಇಳಿದು ಬಂದ. ಉತ್ತರ ಕರ್ನಾಟಕದ ಕಡೆಯವ.

“ಏನ್ರೀ ಅಕ್ಕಾರ, ದಾರಿ ಕೊಟ್ರ ಹೋಗಂಗಿಲ್ಲ, ಕೊಡದಿದ್ರ ಬಿಡಂಗಿಲ್ಲ. ಏನು ಬೇಕಾಗೇತಿ ನಿಮಗ?”

“ಅಣ್ಣ, ನಾನು ಹಾರ್ನ್ ಹಾಕುದಲ್ಲ. ಕಾರು ಹಾಕುದು.”

ಅವ ನನ್ನನ್ನು ನೋಡಿದ, ಕಾರನ್ನು ನೋಡಿದ. ಅತ್ತೆ ಹಿಂದೆ ತಿರುಗಿ, “ಎಂಥ ಜೋರಿನವ ನೋಡು” ಅಂತ ಚಿಕ್ಕತ್ತೆಗೆ ಹೇಳುವುದಕ್ಕೂ ಕಾರು ಅವನ ಮುಖಕ್ಕೇ ಉದ್ದವಾಗಿ “ಪೋಂ” ಅನ್ನುವುದಕ್ಕೂ ಸರಿಯಾಯಿತು. ನನ್ನ ಎರಡೂ ಕೈ ಸ್ಟಿಯರಿಂಗಿನಿಂದ ಮೇಲೆ ಇತ್ತು, ಪೊಲೀಸರಿಗೆ ಶರಣಾದವಳ ಹಾಗೆ.

ಅವ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ತಗ್ಗಿದ ಸ್ವರದಲ್ಲಿ, “ಅಕ್ಕಾರ, ನಮ್ಮ ಡಿಪೋದಾಗ ಹಾರ್ನ್ ಇಲ್ಲದ ಬಸ್ಸು ಮಸ್ತ್ ಅದಾವ್ರಿ. ಇದನ್ನ ನಮಗ ಕೊಟ್ಟಬಿಡ್ರಿ” ಅಂತ ಹೇಳಿ ಹೋದ.

ಬಳೆ

ಸೋಮವಾರ ಅಂಗಡಿಗೆ ಬೀಗ ಹಾಕಿ ನಾನೊಬ್ಬಳೇ ಶೋರೂಮಿಗೆ ಹೋದೆ. ಅಲ್ಲಿ ಗಾಡಿಯ ದೂರು ಕೇಳಲಿಕ್ಕೆ ಒಬ್ಬ ಸರ್ವಿಸ್ ಎಡ್ವೈಸರ್ ಇದ್ದ. ಮಾತು ಮೆತ್ತಗೆ, ಮುಖದಲ್ಲಿ ನಗು. ಎಂಥ ಬೈಗುಳವೂ ಅಂಟದ ಜಾತಿಯವ.

“ಹಾರ್ನ್ ಬೀಳುದಿಲ್ವಾ ಮೇಡಂ?”

“ಬೀಳ್ತದೆ. ಬೀಳಬಾರದ್ದಕ್ಕೂ ಬೀಳ್ತದೆ.”

ಮೆಕ್ಯಾನಿಕ್ ಕಾರು ತೆಗೆದುಕೊಂಡು ಒಂದು ಸುತ್ತು ಹೋಗಿ ಬಂದ. ಹಂಪ್ ಹಾರಿಸಿದ್ದಾನೆ, ಗುಂಡಿಗೆ ಇಳಿಸಿದ್ದಾನೆ, ಕಾರು ತುಟಿ ಬಿಚ್ಚಲಿಲ್ಲವಂತೆ. ನಾನು ಪಕ್ಕದಲ್ಲಿ ಕೂತು ಮತ್ತೊಂದು ಸುತ್ತು ಹೋದೆ. ಇಲ್ಲ. ಮನೆಯಲ್ಲಿ ರಂಪ ಮಾಡಿ ಡಾಕ್ಟರ ಮುಂದೆ ಪಾಪದ ಹಾಗೆ ಕೂರುವ ಮಕ್ಕಳಿರುತ್ತಾರಲ್ಲ, ಹಾಗೆ.

ಎಡ್ವೈಸರ್ ನನ್ನ ಕೈಗಳನ್ನೇ ನೋಡುತ್ತಿದ್ದ. “ಮೇಡಂ, ನೀವು ಬಳೆ ಹಾಕ್ತೀರಲ್ಲ. ತಾಗ್ತದೆ.”

“ನಾನು ಮೆಷಿನಿನಲ್ಲಿ ಹೊಲಿಯುವವಳು ಮಾರಾಯ್ರೆ. ಬಳೆ ಎಲ್ಲಿಗೂ ತಾಗದ ಹಾಗೆ ಕೈ ಇಟ್ಟುಕೊಳ್ಳಲಿಕ್ಕೆ ನನಗೆ ಬರ್ತದೆ.”

“ಕೆಲವು ಲೇಡೀಸಿಗೆ ಗೊತ್ತೇ ಆಗುದಿಲ್ಲ ಮೇಡಂ.”

ಅವನ ಎದುರಿಗೇ ಬಳೆಗಳನ್ನು ತೆಗೆದು ಬ್ಯಾಗಿಗೆ ಹಾಕಿದೆ. “ಇನ್ನು?”

“ಇನ್ನು ಸಾಫ್ಟ್‌ವೇರ್ ಅಪ್‌ಡೇಟ್ ಮಾಡುವ” ಅಂದ. ಲ್ಯಾಪ್‌ಟಾಪ್ ಚುಚ್ಚಿದರು, ತೆಗೆದರು, ಕಾರಿಗೆ ನೀರು ಹೊಡೆದು ತೊಳೆದು ಕೊಟ್ಟರು. ಅಲ್ಲಿಯ ಪದ್ಧತಿ ಅದು. ನೀವು ಏನೇ ದೂರು ಕೊಡಿ, ಕಾರು ತೊಳೆದು ಕೊಡುತ್ತಾರೆ. ಒಟ್ಟು ಮೂರು ಸಲ ಹೋಗಿದ್ದೆ. ಇಡೀ ತಾಲೂಕಿನಲ್ಲಿ ಅಷ್ಟು ಶುಭ್ರವಾಗಿ ತಲೆ ತಿನ್ನುವ ಕಾರು ಬೇರೆ ಇರಲಿಲ್ಲ.

ದಮ್ಮಾಮಿನ ಮೆಕ್ಯಾನಿಕ್

ನಮ್ಮವರು ಅಲ್ಲಿಂದಲೇ ಕಾರು ರಿಪೇರಿ ಶುರು ಮಾಡಿದರು. “ಬ್ಯಾಟರಿ ತಂತಿ ತೆಗೆದು ಹಾಕು. ಸ್ಟಿಯರಿಂಗ್ ಹಗುರ ಹಿಡಿ. ಗಟ್ಟಿ ಹಿಡಿ.” ಆಮೇಲೆ ಅವರೇ ಶೋರೂಮಿಗೆ ಫೋನ್ ಮಾಡಿದರು. ನನಗೆ ಮೂರು ಸಲವೂ ‘ಚೆಕ್ ಮಾಡ್ತೇವೆ’ ಅಂದವರು ಅವರಿಗೆ ಹತ್ತು ನಿಮಿಷ ವಿವರವಾಗಿ ಹೇಳಿದ್ದಾರೆ: “ಸರ್, ಗಾಡಿಯಲ್ಲಿ ಎಂತದೂ ಇಲ್ಲ. ಮೇಡಮಿಗೆ ಇನ್ನೂ ಕೈ ಕೂತಿಲ್ಲ.”

ಗಂಡಸು ಗಂಡಸಿಗೆ ಹೇಳಿದ ಮೇಲೆ ಅದು ಸತ್ಯವೇ ಆಗಬೇಕಲ್ಲ. ನಮ್ಮವರು ನನಗೆ ಫೋನ್ ಮಾಡಿ, “ಒಂದು ಕೆಲಸ ಮಾಡು. ಕಾರಿಗೆ ಕವರ್ ಹಾಕಿ ಇಡು. ನಾನು ರಜೆಯಲ್ಲಿ ಬಂದು ನೋಡ್ತೇನೆ” ಅಂದರು.

ನನಗೆ ಮೈ ಉರಿದುಹೋಯಿತು. ಲೈಸೆನ್ಸಿಗೆ ಅಂತ ಎಷ್ಟು ಬೆಳಿಗ್ಗೆ ಎದ್ದಿದ್ದೇನೆ, ಎಂಟು ಹಾಕುವಾಗ ಎಷ್ಟು ಕಂಬಗಳಿಗೆ ಹೆದರಿದ್ದೇನೆ. ಬಟ್ಟೆಯ ಕಟ್ಟುಗಳನ್ನು ಹೊತ್ತುಕೊಂಡು ಬಸ್ಸಿನ ಮೆಟ್ಟಿಲಲ್ಲಿ ನೇತಾಡುವುದು ಮುಗಿಯಿತು ಅಂತ ಖುಷಿ ಪಟ್ಟದ್ದು ಇದಕ್ಕಾ? ಇದನ್ನೆಲ್ಲ ಹೇಳಲಿಕ್ಕೆ ಬಾಯಿ ತೆರೆದೆ. ಅತ್ತೆ ಬಂದು ಫೋನ್ ಕಸಿದುಕೊಂಡರು.

“ಕೇಳು. ಕಾರು ನಿಲ್ಲುದಿಲ್ಲ. ನನಗೆ ಈಗಲೇ ಮಂಡೆಕೋಲಿಗೆ ಹೋಗ್ಲಿಕ್ಕುಂಟು. ನೀನು ಅಲ್ಲಿಂದ ಬಂದು ನನ್ನನ್ನು ಹೊತ್ತುಕೊಂಡು ಹೋಗ್ತೀಯಾ?”

ಆ ಬದಿಯಿಂದ, “ಇಲ್ಲಮ್ಮ, ಕಾರಿನಲ್ಲೇ ಹೋಗಿ” ಅಂತ ಕೇಳಿಸಿತು. ಅತ್ತೆಯನ್ನು ಹೊರುವುದಕ್ಕಿಂತ ನನ್ನ ಡ್ರೈವಿಂಗೇ ವಾಸಿ ಅಂತ ಅವರಿಗೂ ಕಂಡಿರಬೇಕು.

ಮಂಡೆಕೋಲು

ಮಂಡೆಕೋಲಿಗೆ ಹೊರಟದ್ದು ಸಾವಿನ ಮನೆಗೆ. ತೀರಿಹೋದ ನಮ್ಮ ಮಾವನಿಗೆ ಹಿಂದೆ ಮರದ ವ್ಯಾಪಾರ ಇತ್ತು. ಅವರ ಲಾರಿಯ ಡ್ರೈವರ್ ಆಗಿದ್ದ ಗೌಡರು ಹೋಗಿಬಿಟ್ಟಿದ್ದರು. ಅರೆಭಾಷೆ ಮಾತಾಡುವ ಮನೆತನ, ನಮ್ಮ ಮನೆಯ ಎಲ್ಲ ಮದುವೆಗೂ ಬಂದು ನಿಂತವರು. ದಾರಿಯುದ್ದಕ್ಕೂ ಅತ್ತೆ ಸುಮ್ಮನೆ ಮುಂದೆ ನೋಡಿಕೊಂಡು ಕೂತಿದ್ದರು. ಕಾರೂ ಸುಮ್ಮನಿತ್ತು. ಸುಳ್ಯ ದಾಟಿದರೂ ಒಂದು ಪೋಂ ಇಲ್ಲ. ಸಾಫ್ಟ್‌ವೇರ್ ಕೆಲಸ ಮಾಡಿತು ಅಂತ ನಾನು ಎಡ್ವೈಸರನಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಅಂಗಳದ ತುಂಬ ಜನ. ಹೆಣವನ್ನು ಆಗಷ್ಟೇ ಹೊರಗೆ ತಂದು ಮಲಗಿಸಿದ್ದರು. ನಾನು ಮೆಲ್ಲ ಮೆಲ್ಲ ಕಾರನ್ನು ಅಂಗಳದ ಬದಿಗೆ ತಂದೆ. ಆಗ ಅತ್ತೆ ಹಿಂದೆ ತಿರುಗಿ ಚಿಕ್ಕತ್ತೆಗೆ, “ನೋಡು, ಇಲ್ಲಿ ಗಟ್ಟಿ ಮಾತಾಡಬೇಡ” ಅಂದರು.

ಪೋಂ... ಅಂದರೆ ಅಂತಿಂಥ ಪೋಂ ಅಲ್ಲ. ತೋಟದಲ್ಲಿ ಕೂತಿದ್ದ ಕಾಗೆಗಳೆಲ್ಲ ಎದ್ದವು. ಅಳುತ್ತಿದ್ದವರು ಅಳು ನಿಲ್ಲಿಸಿ ನಮ್ಮನ್ನು ನೋಡಿದರು. ಚಿಕ್ಕತ್ತೆ ಮಾತ್ರ “ಎಂತ ಹೇಳಿದ್ದು?” ಅಂತ ಕೇಳಿದರು. ಅತ್ತೆ ಇನ್ನೂ ತಿರುಗಿ, “ಗಟ್ಟಿ ಮಾತಾಡಬೇಡ ಅಂದೆ!” ಅಂದರು. ಮತ್ತೊಂದು, ಮೊದಲಿನದಕ್ಕಿಂತ ಉದ್ದ.

ಆಗಲೇ ನನಗೆ ಗೊತ್ತಾದದ್ದು. ಅತ್ತೆ ಮುಂದೆ ನೋಡಿದರೆ ಮೌನ, ಹಿಂದೆ ತಿರುಗಿದರೆ ಹಾರ್ನ್. ಗುಟ್ಟು ತಿಳಿಯಿತು ಅಂತ ಖುಷಿಪಡುವ ಜಾಗವಾ ಅದು? ನಾಚಿಕೆಯಿಂದ ನನಗೆ ಬಾಗಿಲು ತೆರೆಯಲಿಕ್ಕೇ ಆಗಲಿಲ್ಲ. ಗೌಡರ ದೊಡ್ಡ ಮಗ ಹತ್ತಿರ ಬಂದ. ಕಣ್ಣು ಕೆಂಪಾಗಿತ್ತು.

“ಕ್ಷಮಿಸಿ ಅಣ್ಣ, ಕಾರಿನದ್ದು ಎಂತದೋ ತೊಂದರೆ...” ಅಂದೆ.

ಅವ ಕಣ್ಣೊರೆಸಿಕೊಂಡು, “ಇರಲಿ ಅಕ್ಕ. ಅಪ್ಪ ಜೀವಮಾನ ಇಡೀ ಲಾರಿ ಓಡಿಸಿದವರು. ನಾವೆಲ್ಲ ಬರೀ ಅಳ್ತಾ ಇದ್ದೆವು. ಅವರ ಭಾಷೆಯಲ್ಲಿ ಮಾತಾಡಿದ್ದು ನೀವೊಬ್ಬರೇ” ಅಂದ.

ಪೆರಾಬೆಯ ಮರ್ಯಾದೆ

ಕಾರಣ ಗೊತ್ತಾದ ಮೇಲೆ ನಾನು ಅತ್ತೆಗೆ ಕಟ್ಟುನಿಟ್ಟಾಗಿ ಹೇಳಿದೆ: “ಕಾರಿನಲ್ಲಿ ತಿರುಗಬಾರದು.” ಅವರು ಒಪ್ಪಿದರು. ಪೆರಾಬೆಗೆ ಹೋಗುವವರೆಗೆ ಆ ಒಪ್ಪಂದ ನಡೆಯಿತು.

ಪೆರಾಬೆಯಲ್ಲಿ ಅತ್ತೆಯ ಅಣ್ಣನ ಮಗನಿಗೆ ಹುಡುಗಿ ನೋಡಲಿಕ್ಕೆ ಹೋಗಿದ್ದೆವು. ಒಳ್ಳೆಯ ಮನೆ, ಹುಡುಗಿಯೂ ಚಂದ. ಚಾ ಕುಡಿದು ಹೊರಟೆವು. ಮನೆಯವರೆಲ್ಲ ಗೇಟಿನವರೆಗೆ ಬಂದು ನಿಂತಿದ್ದರು. ಕಾರು ನಾಲ್ಕು ಮಾರು ಹೋಗಲಿಲ್ಲ, ಹೊಟ್ಟೆಯಲ್ಲಿದ್ದದ್ದು ತಡೆಯಲಾಗದೆ ಅತ್ತೆ ಹಿಂದೆ ತಿರುಗಿದರು: “ಹುಡುಗಿ ಅಡ್ಡಿಯಿಲ್ಲ, ಚಾಕ್ಕೆ ಸಕ್ಕರೆ ಇಲ್ಲ.”

ಪೋಂ.

ಹುಡುಗಿಯ ತಾಯಿ ಓಡೋಡಿ ಬಂದರು. “ಎಂತ ಬಿಟ್ಟು ಹೋದ್ರಿ?” ನಾನು ಎಂತದೂ ಇಲ್ಲ ಅನ್ನುವಷ್ಟರಲ್ಲಿ ಅವರಿಗೇ ಏನೋ ನೆನಪಾಗಿ, “ಅಯ್ಯೋ, ಕೊಡ್ಲಿಕ್ಕೆ ಮರೆತೇ ಹೋಯ್ತು” ಅಂತ ಒಳಗೆ ಹೋಗಿ ಒಂದು ಕಟ್ಟು ಹಲಸಿನ ಹಪ್ಪಳ ತಂದು ಅತ್ತೆಯ ಮಡಿಲಿಗೆ ಹಾಕಿದರು. ಅತ್ತೆ ಅದನ್ನು ಹಿಂದೆ ಇಡಲಿಕ್ಕೆ ತಿರುಗಿದರು. ಪೋಂ. ಹಪ್ಪಳ ಸಾಲಲಿಲ್ಲವೇನೋ ಅಂತ ಹುಡುಗಿಯ ತಂದೆಗೆ ಅನುಮಾನ. ಅವರು ಹೋಗಿ ಒಂದು ಬಾಳೆಗೊನೆ ಹೊತ್ತು ತಂದರು. “ಇದೆಲ್ಲ ಎಂತಕ್ಕೆ” ಅಂತ ಅತ್ತೆ ಬಾಯಲ್ಲಿ ಹೇಳಿದರು, ಕೈಯಲ್ಲಿ ತೆಗೆದುಕೊಂಡರು.

ಕಾರು ಮತ್ತೆ ಹೊರಟಿತು. ಅಂಗಳದ ಮೂಲೆಯಲ್ಲಿ ಊರ ಕೋಳಿಗಳು ಮೇಯುತ್ತಿದ್ದವು. ಅತ್ತೆ ಅವನ್ನು ಒಮ್ಮೆ ನೋಡಿದರು, ನಿಧಾನವಾಗಿ ಹಿಂದೆ ತಿರುಗಿದರು. ಆ ಮೂರನೇ ಹಾರ್ನ್ ಮಾತ್ರ ಕಾರಿನ ತಪ್ಪು ಅಂತ ನಾನು ಎಲ್ಲಿಯೂ ಆಣೆ ಹಾಕಲಾರೆ.

ಸಾಕ್ಷಿ

ಈ ಸಲ ಶೋರೂಮಿಗೆ ಅತ್ತೆಯನ್ನೂ ಚಿಕ್ಕತ್ತೆಯನ್ನೂ ಕರೆದುಕೊಂಡೇ ಹೋದೆ. ಎಡ್ವೈಸರ್ ಕಂಪ್ಯೂಟರಿನಲ್ಲಿ ದೂರು ಬರೆದುಕೊಳ್ಳಬೇಕು. ಬೆರಳು ಕೀಬೋರ್ಡಿನ ಮೇಲೆ ನಿಂತಿತ್ತು.

“ಎಂತ ಅಂತ ಹಾಕುದು ಮೇಡಂ?”

“ಅತ್ತೆ ತಿರುಗಿದರೆ ಹಾರ್ನ್ ಆಗ್ತದೆ ಅಂತ ಹಾಕಿ.”

“ಅದಕ್ಕೆ ಇದರಲ್ಲಿ ಜಾಗ ಇಲ್ಲ. ಎಂಜಿನ್, ಬ್ರೇಕ್, ಎಸಿ... ಅತ್ತೆ ಇಲ್ಲ.”

ಮೊದಲು ಮೆಕ್ಯಾನಿಕ್ ಸೀಟನ್ನು ಮುಂದಕ್ಕೆ ಎಳೆದು ಅಡಿಯಲ್ಲಿ ಟಾರ್ಚ್ ಹಾಕಿ ನೋಡಿದ. ಎಂತದೂ ಕಾಣಲಿಲ್ಲ. ಸೀಟನ್ನು ಹಾಗೆಯೇ ಬಿಟ್ಟು ಅವನೇ ಕೂತು ತಿರುಗಿದ. ಸದ್ದಿಲ್ಲ. ಅವನ ಮೈಯಲ್ಲಿ ಎಲುಬು ಬಿಟ್ಟರೆ ಯೂನಿಫಾರ್ಮ್ ಮಾತ್ರ ಇದ್ದದ್ದು. ಆಮೇಲೆ ಎಣ್ಣೆಯ ಡಬ್ಬಗಳನ್ನು ಸೀಟಿನ ಮೇಲೆ ಪೇರಿಸಿದರು. ಇಲ್ಲ. ಕೊನೆಗೆ ಎಡ್ವೈಸರ್ ಗಂಟಲು ಸರಿಮಾಡಿಕೊಂಡು ನನ್ನ ಕಿವಿಯ ಹತ್ತಿರ, “ಮೇಡಂ, ಸೀಟಿಗೂ ಒಂದು ಲಿಮಿಟ್ ಇರ್ತದೆ” ಅಂದ.

ನನ್ನ ಕಿವಿಗೆ ಹೇಳಿದ್ದು ಅತ್ತೆಯ ಕಿವಿಗೆ ಬಿತ್ತು. “ಹೌದಾ? ನಾನು ಕಾರಿಗೆ ಹೆಚ್ಚಾದದ್ದಾ? ಕಾರು ಮಾರುವಾಗ ಐದು ಜನ ಆರಾಮಾಗಿ ಕೂರಬಹುದು ಅಂದವ ಯಾರು? ಎಂಥ ಐದು ಜನ? ಈ ಮೆಕ್ಯಾನಿಕಿನಂಥವರಾ?”

“ಹಾಗಲ್ಲ ಅಮ್ಮ. ನೀವೇ ಒಮ್ಮೆ ಕೂತು ತಿರುಗಿ ತೋರಿಸಿ” ಅಂತ ಅವ ಕೈಮುಗಿದ.

ಅತ್ತೆ ಕೂತರು. ಸಿಟ್ಟಿನಲ್ಲಿ ಸೀಟನ್ನು ಹಿಂದಕ್ಕೆ ತಳ್ಳಲಿಕ್ಕೂ ಹೋಗಲಿಲ್ಲ. ಸುತ್ತ ಏಳೆಂಟು ಯೂನಿಫಾರ್ಮಿನವರು ಕೈಕಟ್ಟಿ ನಿಂತಿದ್ದರು. ಅತ್ತೆ ಫೋಟೊಕ್ಕೆ ತಿರುಗುವ ಹಾಗೆ ಗಂಭೀರವಾಗಿ ತಿರುಗಿದರು. ಇಲ್ಲ.

“ಏನಾದ್ರೂ ಮಾತಾಡಿ ಅಮ್ಮ.”

“ಎಂತ ಮಾತಾಡುದು? ನಾನೆಂತ ರೇಡಿಯೋವಾ?” ಅಂದವರು ಅಲ್ಲಿಗೇ ನಿಲ್ಲಿಸಿದರು. ನಾನು ಮದುವೆಯಾಗಿ ಬಂದ ಮೇಲೆ ಅತ್ತೆಗೆ ಮಾತು ಸಿಗದೆ ಹೋದದ್ದು ಅದೇ ಮೊದಲು, ಅದೂ ಮಾತು ಬೇಕಾದ ಹೊತ್ತಿನಲ್ಲಿ.

“ಬೇಕಾದ್ರೆ ಇವರನ್ನು ಕೇಳಿ” ಅಂತ ನಾನು ಚಿಕ್ಕತ್ತೆಯನ್ನು ಮುಂದೆ ಮಾಡಿದೆ. “ದಿನಾ ಹಿಂದಿನ ಸೀಟಿನಲ್ಲಿ ಕೂರುದು ಇವರೇ.”

ಎಡ್ವೈಸರ್ ಬಗ್ಗಿ, “ಅಮ್ಮ, ಈ ಕಾರಿನಲ್ಲಿ ತನ್ನಿಂತಾನೇ ಹಾರ್ನ್ ಆಗುದು ನೀವು ಕೇಳಿದ್ದೀರಾ?” ಅಂತ ಕೂಗಿ ಕೇಳಿದ.

ಚಿಕ್ಕತ್ತೆ ತಲೆಗೆ ಶಾಲು ಎಳೆದುಕೊಂಡು, ಸುಳ್ಳು ಹೇಳಬಾರದಲ್ಲ ಅನ್ನುವ ಮುಖದಲ್ಲಿ, “ಇಲ್ಲಪ್ಪ. ಒಂದು ದಿನವೂ ಕೇಳಲಿಲ್ಲ. ಒಳ್ಳೆ ಕಾರು” ಅಂದರು.

ಎಡ್ವೈಸರನ ಮುಖದಲ್ಲಿ ಹಬ್ಬ. ನಾನು ಮೇಜಿನ ಮೇಲೆ ಕೀ ಇಟ್ಟೆ. “ಗ್ರಾಹಕರ ಕೋರ್ಟಿಗೆ ಹೋಗ್ತೇನೆ” ಅಂದೆ. ಅವ ನಗುತ್ತಲೇ ಇದ್ದ. “ಮಂಗಳೂರಿನ ಆಫೀಸಿಗೆ ಬರೀತೇನೆ” ಅಂದೆ. ಆಗಲೂ ನಗು. ಕೊನೆಗೆ, “ಕಾರು ಸರಿಯಾಗುವವರೆಗೆ ಅತ್ತೆಯನ್ನು ಬೆಳಿಗ್ಗೆ ಇಲ್ಲಿ ಬಿಡ್ತೇನೆ, ಅಂಗಡಿ ಮುಚ್ಚಿದ ಮೇಲೆ ಬಂದು ಕರ್ಕೊಂಡು ಹೋಗ್ತೇನೆ” ಅಂದೆ. ಅವ ನಗು ನಿಲ್ಲಿಸಿ ಮಂಗಳೂರಿಗೆ ತಾನೇ ಫೋನ್ ಹಚ್ಚಿದ.

ಮಂಗಳೂರಿನ ಮ್ಯಾನೇಜರು

ಕಂಪೆನಿಯ ಮ್ಯಾನೇಜರು ಎರಡು ದಿನ ಬಿಟ್ಟು ಬಂದರು. ಟೈ ಕಟ್ಟಿದ, ಒಳ್ಳೆ ಎತ್ತರ ಗಾತ್ರದ ಮನುಷ್ಯ. ಶೋರೂಮಿನವರೆಲ್ಲ ಎದ್ದು ನಿಂತರು. ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿ, “ಈಗ ಒಬ್ಬ ಮನುಷ್ಯ ಬಂದ” ಅಂದರು.

“ಮೇಡಂ, ನೀವೇ ಓಡಿಸಿ. ನಾನು ಪಕ್ಕದಲ್ಲಿ ಕೂತು ನಿಮ್ಮ ಡ್ರೈವಿಂಗ್ ನೋಡ್ತೇನೆ” ಅಂದರು ಮ್ಯಾನೇಜರು. ಕಾರನ್ನು ನೋಡುತ್ತೇನೆ ಅನ್ನಲಿಲ್ಲ, ಗಮನಿಸಿ. ಮುಂದಿನ ಸೀಟಿನಲ್ಲಿ ಕೂತು, ಕಾಲು ಹಿಡಿಸದೆ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದರು. ಹಿಂದೆ ಅತ್ತೆ, ಚಿಕ್ಕತ್ತೆ, ಬಾಗಿಲಿಗೆ ಒತ್ತಿಕೊಂಡು ಎಡ್ವೈಸರ್.

ಪೇಟೆಯ ಕಡೆಗೆ ಹೊರಟೆವು. ನನ್ನ ಕ್ಲಚ್ಚಿನ ಬಗ್ಗೆ ಸ್ವಲ್ಪ, ಗೇರಿನ ಬಗ್ಗೆ ಸ್ವಲ್ಪ ಉಪದೇಶವಾಯಿತು. ನಾನು ಹಲ್ಲು ಕಚ್ಚಿಕೊಂಡು ಓಡಿಸಿದೆ. ಇವತ್ತೂ ಕಾರು ಬಾಯಿ ಬಿಡದಿದ್ದರೆ ನಾಳೆಯಿಂದ ಅದಕ್ಕೆ ಕವರ್, ನನಗೆ ಬಸ್ಸು. ಅಷ್ಟರಲ್ಲಿ ಅವರಿಗೆ ಬೆಂಗಳೂರಿನಿಂದ ಅವರ ಮೇಲಿನವರ ಫೋನ್ ಬಂತು.

“ಹೌದು ಸರ್, ಅದೇ ಗಾಡಿಯಲ್ಲೇ ಇದ್ದೇನೆ. ಎಂತದೂ ತೊಂದರೆ ಇಲ್ಲ ಸರ್. ಕಸ್ಟಮರಿಗೆ ಸ್ವಲ್ಪ ತಿಳಿವಳಿಕೆ ಕೊಟ್ಟರೆ ಆಯ್ತು.”

ಹಿಂದಿನಿಂದ ಅತ್ತೆ ಮುಂದಕ್ಕೆ ಬಾಗಿ, “ಮೋನೇ” ಅಂತ ಕರೆದರು. ನಮ್ಮ ಭಾಷೆಯಲ್ಲಿ ಅದು ಮಗನನ್ನು ಕರೆಯುವುದು. “ನಿನಗೆ ಮಕ್ಕಳೆಷ್ಟು?”

ಹಿರಿಯರು ಕೇಳುವಾಗ ಮುಂದೆ ನೋಡಿಕೊಂಡು ಉತ್ತರ ಕೊಡುವುದು ಸರಿಯಲ್ಲ ಅಂತ ಅವರಿಗೆ ಕಂಡಿತೋ ಏನೋ. ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು, ಮೈಯನ್ನೇ ತಿರುಗಿಸಿ, “ಇಬ್ಬರು ಅಮ್ಮ” ಅಂದರು.

ಪೋಂ!

ಮ್ಯಾನೇಜರು ನನ್ನ ಕೈ ನೋಡಿದರು. ನನ್ನ ಕೈ ಗೇರಿನ ಮೇಲಿತ್ತು. ಫೋನಿನೊಳಗಿನಿಂದ “ಏನ್ರೀ ಅದು?” ಅಂತ ಕೇಳಿಸಿತು.

“ಟ್ರಾಫಿಕ್ ಸರ್. ಪುತ್ತೂರು ಈಗ ತುಂಬ ಬೆಳೆದಿದೆ ಸರ್.”

“ಹೆಣ್ಣಾ ಗಂಡಾ?” ಅತ್ತೆ ಬಿಡಲಿಲ್ಲ.

“ಇಬ್ಬರೂ ಹೆಣ್ಣು...” ಪೋಂ ಪೋಂ!

“ದೊಡ್ಡವಳಿಗೆ ಮದುವೆ ಪ್ರಾಯವಾ?”

ಅದಕ್ಕೆ ಉತ್ತರ ಕೊಡಲಿಕ್ಕೆ ತಿರುಗಿದ ಮ್ಯಾನೇಜರು ಮತ್ತೆ ಮುಂದಕ್ಕೆ ತಿರುಗಿದರೂ ಹಾರ್ನ್ ನಿಲ್ಲಲಿಲ್ಲ. ಒಂದೇ ಸಮನೆ, ಉಸಿರು ತೆಗೆಯದೆ. ಎಲ್ಲಿ ಅಂತೀರಿ? ಆಸ್ಪತ್ರೆಯ ಎದುರು, ಹಾರ್ನ್ ಹಾಕಬೇಡಿ ಅನ್ನುವ ಬೋರ್ಡಿನ ಬುಡದಲ್ಲಿ. ಮೇಲಿನ ಕಿಟಕಿಗಳಲ್ಲಿ ರೋಗಿಗಳ ತಲೆಗಳು ಒಂದೊಂದೇ ಬಂದವು. ಟ್ರಾಫಿಕ್ ಪೊಲೀಸ್ ಕೋಲು ಹಿಡಿದು ನೇರ ನಮ್ಮ ಹತ್ತಿರ ಬಂದ. ನಾನು ಸ್ಟಿಯರಿಂಗ್ ಬಿಟ್ಟು ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಮ್ಯಾನೇಜರರನ್ನು ತೋರಿಸಿದೆ. “ಇವರನ್ನು ಕೇಳಿ ಸರ್.”

ಮ್ಯಾನೇಜರು ಕಿಟಕಿ ಇಳಿಸಿ ಗದ್ದಲದಲ್ಲೇ ಕೂಗಿದರು: “ಸರ್, ನಾವು ಕಂಪೆನಿಯವರು! ಗಾಡಿ ಟೆಸ್ಟ್ ಮಾಡ್ತಾ ಇದ್ದೇವೆ!”

“ಹಾರ್ನಾ ಟೆಸ್ಟು? ಪಾಸಾಯ್ತು ಮಾರಾಯ್ರೆ, ಫಸ್ಟ್ ಕ್ಲಾಸ್! ಇನ್ನು ನಿಲ್ಲಿಸಿ!”

“ನಿಲ್ತಾ ಇಲ್ಲ ಸರ್!”

“ಎಂತ ನಿಲ್ಲುದಿಲ್ಲ? ಕೈ ತೆಗೀರಿ!”

“ನಾನು ಕೈ ಇಟ್ಟೇ ಇಲ್ಲ ಸರ್! ಕಾರೇ ಹಾಕ್ತಾ ಉಂಟು!”

ಅಷ್ಟು ದಿನ ನಾನು ಹೇಳಿದ ಮಾತು ಕಂಪೆನಿಯ ಬಾಯಿಂದ ಬಂತು. ನನಗೆ ಅಲ್ಲಿಯೇ ಇಳಿದು ಪೊಲೀಸನಿಗೊಂದು ಕೇಕ್ ಕೊಡಿಸುವ ಅನ್ನಿಸಿತು.

“ಸರ್, ಸ್ವಲ್ಪ ಅಲ್ಲಾಡಿ” ಅಂತ ಹಿಂದಿನಿಂದ ಎಡ್ವೈಸರ್ ಹೇಳಿದ. ಮ್ಯಾನೇಜರು ಎಡಕ್ಕೆ ಅಲ್ಲಾಡಿದರು, ಬಲಕ್ಕೆ ಅಲ್ಲಾಡಿದರು. ಕೊನೆಗೆ ಮೇಲಿನ ಹಿಡಿಕೆಗೆ ನೇತುಬಿದ್ದು, ಒಂದು ಕುಂಡೆ ಎತ್ತಿ, ಪೂರ್ತಿ ಹಿಂದೆ ತಿರುಗಿ ಮುಖವನ್ನು ಅತ್ತೆಯ ಮುಖಕ್ಕೆ ಸರಿಯಾಗಿ ಇಟ್ಟಾಗ ಹಾರ್ನ್ ನಿಂತಿತು. ಪೇಟೆಯೇ ನಿಂತ ಹಾಗೆ ಮೌನ.

“ಹಾಗೇ ಇರಿ ಸರ್! ಅಲ್ಲಾಡಬೇಡಿ!” ಅಂದ ಎಡ್ವೈಸರ್.

“ಹಾಗೇ ಹೋಗಿ!” ಅಂದ ಪೊಲೀಸ್.

ಹಾಗೇ ಹೋದೆವು. ಇಡೀ ಪೇಟೆಯ ನಡುವೆ, ಟೈ ಕಟ್ಟಿದ ದೊಡ್ಡ ಮನುಷ್ಯರೊಬ್ಬರು ಹಿಡಿಕೆಗೆ ಜೋತುಬಿದ್ದು ಹಿಂದೆ ನೋಡಿಕೊಂಡು ಸವಾರಿ ಹೋಗುವುದನ್ನು ಜನ ಅಂಗಡಿಯಿಂದ ಇಳಿದು ನೋಡಿದರು. ತಪ್ಪಿಸಿಕೊಳ್ಳಲಾಗದ ಮನುಷ್ಯ ಸಿಕ್ಕಿದ್ದು ಅತ್ತೆಗೆ. “ಈಗ ಮಾತಾಡ್ಲಿಕ್ಕೆ ಸರಿ ಆಯ್ತು. ಹೇಳು ಮೋನೇ, ಎಲ್ಲಿಯಾದ್ರೂ ಸಂಬಂಧ ನೋಡ್ತಾ ಇದ್ದೀಯಾ?” ಅವರ ಹೆಂಡತಿಯ ಬಿ.ಪಿ., ಅತ್ತೆ-ಸೊಸೆಯ ಹೊಂದಾಣಿಕೆ, ಅವರ ಮಂಡಿನೋವು, ಎಲ್ಲವೂ ಶೋರೂಮ್ ಮುಟ್ಟುವಷ್ಟರಲ್ಲಿ ವಿಚಾರಣೆಯಾಯಿತು.

ಅಲ್ಲಿ ಸೀಟನ್ನೇ ಬಿಚ್ಚಿ ಹೊರಗೆ ಇಟ್ಟರು. ಕಳ್ಳರು ಬಂದರೆ ಬೊಬ್ಬೆ ಹಾಕುವ ಅಲಾರಮಿನ ವೈರು ಸೀಟಿನ ಅಡಿಯಲ್ಲಿ ಹೋಗುತ್ತದಂತೆ. ಸೀಟು ಪೂರ್ತಿ ಹಿಂದೆ ಇದ್ದು, ಕೂತವರು ತಿರುಗಿದರೆ, ಸಿಪ್ಪೆ ಸುಲಿದುಹೋದ ಆ ವೈರು ಒಂದು ಬೋಲ್ಟಿಗೆ ಒತ್ತಿ ಹಾರ್ನ್ ಆಗುತ್ತಿತ್ತು. ಕಾರು ಇಷ್ಟು ದಿನ ನಮ್ಮ ಅತ್ತೆಯನ್ನು ಕಳ್ಳರು ಅಂತ ತಿಳಿದಿತ್ತು. ನಾನು ಇದನ್ನು ಅತ್ತೆಗೆ ಹೇಳಲಿಲ್ಲ.

ವೈರನ್ನೂ ಸೀಟನ್ನೂ ಹೊಸತು ಹಾಕಿಸಿ ಕೊಡುತ್ತೇವೆ ಅಂತ ಮ್ಯಾನೇಜರು ಒಪ್ಪಿ, ಎಲ್ಲರ ಎದುರು ನನ್ನಲ್ಲಿ ಕ್ಷಮೆ ಕೇಳಿದರು. “ಕ್ಷಮೆ ನನಗೆ ಬೇಡ. ಒಂದು ಫೋನ್ ಮಾಡಬೇಕು” ಅಂತ ದಮ್ಮಾಮಿಗೆ ಹಚ್ಚಿ ಕೊಟ್ಟೆ. ಮ್ಯಾನೇಜರು ನಮ್ಮವರಿಗೆ ಹೇಳಿದರು: “ಸರ್, ತಪ್ಪು ನಮ್ಮ ಗಾಡಿಯದ್ದು. ಮೇಡಂ ಡ್ರೈವಿಂಗಿಗೆ ನೂರಕ್ಕೆ ನೂರು. ಹಾರ್ನ್ ಒಂದೇ ಸಮನೆ ಬಡೀತಾ ಇತ್ತು, ಪೊಲೀಸ್ ಬೊಬ್ಬೆ ಹಾಕ್ತಾ ಇದ್ದ, ಕಾರಿನೊಳಗೆ ನಿಮ್ಮ ತಾಯಿ ಮಾತಾಡ್ತಾ ಇದ್ರು. ಮೇಡಂ ಕೈ ಒಂಚೂರೂ ನಡುಗಲಿಲ್ಲ.”

ನಮ್ಮವರು, “ಅಮ್ಮ ಎಲ್ಲಿ ಕೂತಿದ್ರು ಸರ್?” ಅಂತ ಕೇಳಿದರಂತೆ. ಹಿಂದೆ ಅಂತ ತಿಳಿದ ಮೇಲೆ, “ನೀವು ತುಂಬ ಕಷ್ಟಪಟ್ಟಿರಿ” ಅಂದರಂತೆ.

ಎಲ್ಲ ಮುಗಿಯಿತು ಅಂತ ಮ್ಯಾನೇಜರು ಟೈ ಸರಿಮಾಡಿಕೊಂಡು ಹೊರಡಲಿಕ್ಕೆ ನೋಡಿದರು. ಅತ್ತೆ ಚಾ ಹಿಡಿದು ಸೋಫಾದಲ್ಲಿ ಕೂತಿದ್ದರು. “ಎಲ್ಲಿಗೆ ಹೋಗುದು ಮೋನೇ? ಚಿಕ್ಕವಳ ವಿಷಯ ಅರ್ಧದಲ್ಲಿ ಉಂಟು. ಬಾ, ಕೂತ್ಕೋ” ಅಂತ ಎದುರಿನ ಕುರ್ಚಿ ತೋರಿಸಿದರು.

ಮ್ಯಾನೇಜರು ಬಂದರು. ಕುರ್ಚಿಯನ್ನು ಸ್ವಲ್ಪ ಎತ್ತಿ, ಅಡಿಯಲ್ಲಿ ಬಗ್ಗಿ ನೋಡಿ, ಆಮೇಲೆ ಕೂತರು.